ಪರದೇಶದ ಸಂಸಾರ: ನಗರವೋ, ದ್ವೀಪವೋ?



ಸಮುದ್ರವನ್ನು ದಾಟಿ ದೂರದ ನಾಡೊಂದರಲ್ಲಿ ಉದ್ಯೋಗ ಹಿಡಿದು, ಅಲ್ಲಿಯ ಮಹಾನಗರದಲ್ಲಿ ನಾಲ್ಕಾರು ವರ್ಷ ಸಂಸಾರ ಹೂಡಿ, ಮನೆಯ ಬಾಡಿಗೆ, ಮಕ್ಕಳ ಶಾಲೆ, ವಾರದ ದುಡಿಮೆ ಇವೆಲ್ಲವೂ ಒಂದು ಹದಕ್ಕೆ ಬಂದ ಮೇಲೆ, ನಮ್ಮವರಲ್ಲಿ ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೆಲ್ಲಗೆ ತಲೆಯೆತ್ತುವುದುಂಟು. ಈ ನಗರದಲ್ಲೇ ಬಾಳನ್ನು ಸವೆಸಬೇಕೆ? ಜನ ವಿರಳವಾದ, ಗಾಳಿ ಶುಭ್ರವಾದ, ಮಕ್ಕಳು ಬಾಗಿಲು ತೆರೆದವರೇ ಬಯಲಿಗೆ ಓಡಬಹುದಾದ ಒಂದು ದ್ವೀಪಕ್ಕೆ ಹೋಗಿ ನೆಲಸಬಾರದೆ? ಊರಿನಲ್ಲಿರುವ ತಂದೆತಾಯಿಗಳ ಕಿವಿಗೆ ಈ ಮಾತು ಬಿದ್ದರೆ ಅವರಿಗೆ ಗಾಬರಿಯಾಗುತ್ತದೆ. ಮಗ ವಿದೇಶಕ್ಕೆ ಹೋದದ್ದೇ ದೂರ. ಅಲ್ಲಿಂದಾಚೆಗೆ ಮತ್ತೊಂದು ಕಡಲು ದಾಟುವುದೆಂದರೇನು?

ಇಂದು ಈ ಪ್ರಶ್ನೆಯನ್ನು ನಾವು ಕೂಡಿ ವಿಚಾರ ಮಾಡೋಣ. ಮಾತು ಬರಿಯ ಸಾಮಾನ್ಯೋಕ್ತಿಯಾಗದಿರಲೆಂದು ಒಂದೇ ದೇಶವನ್ನು ಆರಿಸಿಕೊಂಡಿದ್ದೇನೆ. ಅದು ಸ್ಕಾಟ್ಲೆಂಡ್. ನಗರವೆಂದರೆ ಗ್ಲಾಸ್ಗೋ, ದ್ವೀಪಗಳೆಂದರೆ ಅದರ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಚದುರಿರುವ ಹೆಬ್ರಿಡೀಸ್. ಆ ನಗರದಲ್ಲಿ ನಾನು ಕೆಲವು ಕಾಲ ವಾಸವಾಗಿದ್ದೆ. ಆ ದ್ವೀಪಗಳನ್ನು ಬೇಸಗೆಯಲ್ಲಿಯೂ ಚಳಿಗಾಲದಲ್ಲಿಯೂ ಕಂಡಿದ್ದೇನೆ. ಸ್ಕಾಟ್ಲೆಂಡಿಗೆ ಸೇರಿದ ದ್ವೀಪಗಳು ಸುಮಾರು 800. ಅವುಗಳಲ್ಲಿ ಜನವಸತಿ ಇರುವವು 90ಕ್ಕೆ ತುಸು ಮೇಲೆ. ಆ ಎಲ್ಲ ದ್ವೀಪಗಳ ಜನವನ್ನು ಕೂಡಿಸಿದರೂ ಸುಮಾರು 1 ಲಕ್ಷ. ಗ್ಲಾಸ್ಗೋ ನಗರವೊಂದರಲ್ಲೇ 6 ಲಕ್ಷಕ್ಕೂ ಮಿಕ್ಕಿ ಜನರಿದ್ದಾರೆ.

ನಾನು ಹೇಳಬೇಕೆಂದಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶಕ್ಕೆ ಹೋದ ಸಂಸಾರವು ಬಂಧುಬಳಗದ ಆಸರೆಯನ್ನು ಕಳೆದುಕೊಳ್ಳುತ್ತದೆಂದು ನಾವೆಲ್ಲರೂ ಬಲ್ಲೆವು. ಅದರೊಡನೆ, ತಾನು ಬೇರೊಬ್ಬರಿಗೆ ಆಸರೆಯಾಗುವ ಅವಕಾಶವನ್ನೂ ಕಳೆದುಕೊಳ್ಳುತ್ತದೆಂಬುದನ್ನು ಗಮನಿಸುವವರು ಕಡಿಮೆ. ಆದುದರಿಂದ, ನಗರ ದ್ವೀಪಗಳ ನಡುವೆ ಆಯ್ಕೆ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ಅಗತ್ಯ ಯಾರಿಗಿದೆ, ನಮಗೆ ಯಾರ ಅಗತ್ಯವಿದೆ? ಕಡಲಿನ ಸೊಬಗು, ಅಂಗಡಿಗಳ ಸೌಕರ್ಯ ಇವೆಲ್ಲ ಅನಂತರದ ಮಾತು.

ಮೊದಲು ನಗರವನ್ನು ನೋಡೋಣ. ಗ್ಲಾಸ್ಗೋ ಕ್ಲೈಡ್ ನದಿಯ ಎರಡು ದಡಗಳಲ್ಲಿ ಹಬ್ಬಿದ ಊರು. ಕೆಂಪು ಮತ್ತು ನಸುಹಳದಿ ಮರಳುಗಲ್ಲಿನ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಒಂದೊಂದು ಕಟ್ಟಡಕ್ಕೂ ಬೀದಿಯಿಂದ ಒಳಹೋಗುವ ಒಂದೇ ಓಣಿ. ಒಳಗೆ ಎಲ್ಲ ಮನೆಗಳಿಗೂ ಸೇರಿದ ಕಲ್ಲಿನ ಮೆಟ್ಟಿಲು. ಶತಮಾನಕ್ಕೂ ಹೆಚ್ಚು ಕಾಲ ಜನ ತುಳಿದು ತುಳಿದು ಆ ಮೆಟ್ಟಿಲುಗಳ ನಡು ಬಟ್ಟಲಿನಂತೆ ತಗ್ಗಾಗಿರುತ್ತದೆ. 1451ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ ಅಲ್ಲಿದೆ. 1896ರಿಂದ ಓಡುತ್ತಿರುವ ನೆಲದಡಿಯ ರೈಲು, 15 ನಿಲ್ದಾಣಗಳನ್ನು ಹಾಯ್ದು ನಗರಮಧ್ಯಕ್ಕೆ ಒಂದು ಪ್ರದಕ್ಷಿಣೆ ಹಾಕುತ್ತದೆ. ನದಿಯ ದಕ್ಷಿಣದಲ್ಲಿ ದೊಡ್ಡ ಆಸ್ಪತ್ರೆ, ಅದರ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ. ಪೊಲೊಕ್‌ಶೀಲ್ಡ್ಸ್ ಎಂಬ ಬಡಾವಣೆಯಲ್ಲಿ ತೊಗರಿಬೇಳೆ, ಕೊತ್ತಂಬರಿಸೊಪ್ಪು, ಹಸಿಮೆಣಸಿನಕಾಯಿ ಯಾವ ದಿನ ಕೇಳಿದರೂ ಸಿಕ್ಕುತ್ತವೆ. ಕೆಲ್ವಿನ್‌ಗ್ರೋವ್ ಉದ್ಯಾನದ ಬಳಿ ಒಂದು ಹಿಂದೂ ಮಂದಿರವಿದೆ. ಯುಗಾದಿಗೋ ದೀಪಾವಳಿಗೋ ನಾಲ್ಕು ಕನ್ನಡದ ಮನೆಯವರು ಕೂಡುವುದು ಕಷ್ಟವಲ್ಲ.

ಈ ಸೌಕರ್ಯಗಳನ್ನು ನಾನು ಹಗುರವಾಗಿ ಎಣಿಸುವವನಲ್ಲ. ಮಧ್ಯರಾತ್ರಿ ಮಗುವಿಗೆ ಜ್ವರ ಏರಿದಾಗ ಅರ್ಧ ಗಂಟೆಯಲ್ಲಿ ತಜ್ಞವೈದ್ಯರ ಮುಂದೆ ನಿಲ್ಲಬಹುದಾದ ಸ್ಥಿತಿ ದೊಡ್ಡ ಭಾಗ್ಯ. ಮಗಳಿಗೆ ಪಿಟೀಲಿನ ಮೇಲೆ ಮನಸ್ಸಾದರೆ ಪಿಟೀಲಿನ ಗುರು, ಮಗನಿಗೆ ಚದುರಂಗದ ಮೇಲೆ ಮನಸ್ಸಾದರೆ ಚದುರಂಗದ ಗುರು, ಹೀಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಗರದ ಹಿರಿಮೆ. ಗ್ಲಾಸ್ಗೋದ ಜನ ಬಸ್ಸಿನ ನಿಲ್ದಾಣದಲ್ಲಿ ಅಪರಿಚಿತರನ್ನು ತಾವಾಗಿ ಮಾತನಾಡಿಸುವಷ್ಟು ಹೃದಯವಂತರು ಎಂಬುದನ್ನೂ ಹೇಳದೆ ಹೋದರೆ ಅನ್ಯಾಯವಾದೀತು.

ಆದರೆ ಶ್ರೋತೃಗಳೇ, ಒಂದು ವಿಷಯವನ್ನು ಗಮನಿಸಿ. ನಗರವು ನಮಗೆ ಎಲ್ಲವನ್ನೂ ಕೊಡಬಲ್ಲುದು. ಪ್ರತಿಯಾಗಿ ನಮ್ಮಿಂದ ತೆರಿಗೆ ಬಾಡಿಗೆಗಳ ಹೊರತು ಹೆಚ್ಚಿನದೇನನ್ನೂ ಬೇಡುವುದಿಲ್ಲ. ನನಗೆ ಪರಿಚಿತವಾದ ಒಂದು ಕನ್ನಡ ಕುಟುಂಬ ಆ ಊರಿನ ಮೂರನೆಯ ಅಂತಸ್ತಿನಲ್ಲಿ ವಾಸವಾಗಿತ್ತು. ಪತ್ನಿ ಆಸ್ಪತ್ರೆಯಲ್ಲಿ ದಾದಿ. ಪತಿ ಮನೆಯಿಂದಲೇ ಗಣಕಯಂತ್ರದ ಕೆಲಸ ಮಾಡುವವರು. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಒಂದು ಸಂಜೆ ಆ ತಾಯಿ ನನ್ನೊಡನೆ ಅಂದ ಮಾತು ಇದು: “ನಾವು ನಾಳೆ ಇಲ್ಲಿಂದ ಹೊರಟುಹೋದರೆ, ಕೆಳಗಿನ ಮನೆಯವರಿಗೆ ಗೊತ್ತಾಗುವುದು ಬಾಗಿಲ ಮೇಲಿನ ಹೆಸರು ಬದಲಾದಾಗಲೇ.” ಅದರಲ್ಲಿ ನೆರೆಯವರ ಮೇಲೆ ದೂರೇನೂ ಇರಲಿಲ್ಲ. ಇದ್ದುದು ಇದ್ದಂತೆ ಹೇಳಿದಳು. ಆಕೆಗೆ ಹೆಬ್ರಿಡೀಸ್‌ನ ಲೂಯಿಸ್ ದ್ವೀಪದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕುವ ಸಂಭವ ಆಗ ಒದಗಿತ್ತು. ಹೋಗಬೇಕೆ, ಬೇಡವೆ ಎಂಬ ಚರ್ಚೆ ಆ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯಿತು.

ಇದುವರೆಗೆ ಹೇಳಿದ್ದು ಇಷ್ಟು: ನಗರದಲ್ಲಿ ಆಯ್ಕೆಯುಂಟು, ರಕ್ಷಣೆಯುಂಟು, ನಮ್ಮವರೂ ಉಂಟು, ಆದರೆ ನಮ್ಮ ಅನಿವಾರ್ಯತೆ ಯಾರಿಗೂ ಇಲ್ಲ. ಈಗ ಕಡಲನ್ನು ದಾಟೋಣ.

ದ್ವೀಪದ ಬಾಳೆಲ್ಲ ಹಡಗಿನ ವೇಳಾಪಟ್ಟಿಯ ಮೇಲೆ ನಿಂತಿದೆ. ಗ್ಲಾಸ್ಗೋದಿಂದ ಲೂಯಿಸ್‌ಗೆ ಹೋಗಬೇಕಾದರೆ ಉತ್ತರಕ್ಕೆ ಅರ್ಧ ಹಗಲಿನ ದಾರಿ ಹೋಗಿ ಅಲ್ಲಪೂಲ್ ಎಂಬ ರೇವನ್ನು ಸೇರಬೇಕು. ಅಲ್ಲಿಂದ ಎರಡೂವರೆ ಗಂಟೆಗೂ ಮೇಲ್ಪಟ್ಟು ಕಡಲಯಾನ ಮಾಡಿದರೆ ಸ್ಟಾರ್ನೊವೇ ಪಟ್ಟಣ. ವಿಮಾನವೂ ಉಂಟು. ದಕ್ಷಿಣದ ಬಾರಾ ದ್ವೀಪದಲ್ಲಂತೂ ವಿಮಾನ ಇಳಿಯುವುದು ಕಡಲತೀರದ ಮರಳಿನ ಮೇಲೆ! ಉಬ್ಬರ ಬಂದಾಗ ಆ ಓಡುದಾರಿಯೇ ನೀರಿನಡಿ ಮುಳುಗುತ್ತದೆ. ಆದುದರಿಂದ ವಿಮಾನದ ವೇಳೆಯನ್ನು ಸಮುದ್ರದ ಉಬ್ಬರವಿಳಿತಗಳನ್ನು ನೋಡಿ ನಿರ್ಣಯಿಸುತ್ತಾರೆ.

ಬೇಸಗೆಯಲ್ಲಿ ಇದೆಲ್ಲ ವಿನೋದವಾಗಿ ತೋರುತ್ತದೆ. ಚಳಿಗಾಲದ ಮಾತು ಬೇರೆ. ಬಿರುಗಾಳಿ ಎದ್ದರೆ ಹಡಗು ಹೊರಡುವುದಿಲ್ಲ. ಒಂದು ದಿನ ಹೊರಡದಿದ್ದರೆ ಯಾರೂ ಚಿಂತಿಸುವುದಿಲ್ಲ. ಎರಡನೆಯ ದಿನ ಅಂಗಡಿಯಲ್ಲಿ ಹಾಲು, ರೊಟ್ಟಿ ಮುಗಿಯುತ್ತವೆ. ಮೂರನೆಯ ದಿನ ತರಕಾರಿಯ ಕಪಾಟಿನಲ್ಲಿ ನಾಲ್ಕು ಈರುಳ್ಳಿ, ಒಂದು ಕೋಸುಗಡ್ಡೆ ಉಳಿದಿದ್ದುದನ್ನು ನಾನು ಕಂಡಿದ್ದೇನೆ. ಆಗ ಅಂಗಡಿಯಾಕೆ ಬಂದವರಿಗೆಲ್ಲ, “ನಿಮ್ಮ ಮನೆಯಲ್ಲಿ ಹಿಟ್ಟು ಇದೆಯೇ? ಮೇಲಿನ ತಿರುವಿನ ಮನೆಯ ಅಜ್ಜಿಗೆ ಬೇಕಾಗಿದೆ” ಎಂದು ಕೇಳಿ, ಇಲ್ಲದವರಿಗೆ ಇದ್ದವರಿಂದ ಕೊಡಿಸುತ್ತಿದ್ದಳು. ನಮ್ಮ ಕುಂದಾಪುರ, ಬ್ರಹ್ಮಾವರಗಳ ಕಡೆಯ ಕುದ್ರುಗಳಲ್ಲಿ, ಅಂದರೆ ಹೊಳೆಯ ನಡುಗಡ್ಡೆಗಳಲ್ಲಿ, ಸೇತುವೆಗಳು ಬರುವುದಕ್ಕೆ ಮುಂಚೆ, ಮಳೆಗಾಲದ ಹೊಳೆ ಏರಿ ದೋಣಿ ನಿಂತಾಗ ಮನೆಮನೆಯ ಅಕ್ಕಿ ಹೇಗೆ ಎಲ್ಲರ ಅಕ್ಕಿಯಾಗುತ್ತಿತ್ತೋ ಹಾಗೆಯೇ ಇದೂ.

ಹಡಗುಗಳ ಕೊರತೆ ಅಲ್ಲಿಯ ಜನರ ನಿಜವಾದ ಸಂಕಟ. ಪಶ್ಚಿಮ ತೀರಕ್ಕಾಗಿ ಎರಡು ಹೊಸ ಹಡಗುಗಳನ್ನು ಕಟ್ಟಲು 2015ರಲ್ಲಿ ಆಜ್ಞೆಯಾಯಿತು. 2018ರಲ್ಲಿ ಸಿದ್ಧವಾಗಬೇಕಾಗಿದ್ದ ಮೊದಲನೆಯ ಹಡಗು ಪ್ರಯಾಣಿಕರನ್ನು ಹತ್ತಿಸಿಕೊಂಡುದು 2025ರ ಜನವರಿಯಲ್ಲಿ. ಆ ನಡುವಣ ವರ್ಷಗಳಲ್ಲಿ ಹಳೆಯ ಹಡಗುಗಳು ಒಂದೊಂದಾಗಿ ಕೆಟ್ಟು ನಿಲ್ಲುತ್ತಿದ್ದವು. ಮದುವೆಗೆ ಹೋಗಲಾಗದವರು, ಆಸ್ಪತ್ರೆಯ ಸರದಿ ತಪ್ಪಿದವರು, ಮಾರಲು ಸಿದ್ಧವಾದ ಕುರಿಗಳನ್ನು ಸಂತೆಗೆ ಒಯ್ಯಲಾರದವರು ಅಲ್ಲಿ ಎಷ್ಟೋ ಮಂದಿ. ದ್ವೀಪವಾಸವನ್ನು ಕನಸಿನಲ್ಲಿ ಕಾಣುವವರು ಈ ಕಪಾಟಿನ ನಾಲ್ಕು ಈರುಳ್ಳಿಗಳನ್ನೂ ಕನಸಿನಲ್ಲಿ ಸೇರಿಸಿಕೊಳ್ಳಬೇಕು.

ಕಡಲಿನ ಮಾತಾಯಿತು. ಇನ್ನು ಆರೋಗ್ಯದ ಮಾತು. ಊರಿನ ತಂದೆತಾಯಿಗಳು ಮೊದಲು ಕೇಳುವುದೇ ಇದನ್ನು: ಕಾಯಿಲೆ ಬಂದರೆ ಗತಿಯೇನು?

ಈ ಪ್ರಶ್ನೆಗೆ ಆ ನಾಡು ನೂರು ವರ್ಷಕ್ಕೂ ಹಿಂದೆಯೇ ಗಂಭೀರವಾಗಿ ಉತ್ತರ ಹುಡುಕಿತು. ದ್ವೀಪಗಳಲ್ಲಿಯೂ ಗುಡ್ಡನಾಡಿನಲ್ಲಿಯೂ ವೈದ್ಯರಿಲ್ಲದೆ ಜನ ಪಡುವ ಪಾಡನ್ನು 1912ರಲ್ಲಿ ಒಂದು ಸಮಿತಿ ವಿಚಾರಿಸಿತು. ಮರುವರ್ಷವೇ ಸರ್ಕಾರದ ಹಣದಿಂದ ಅಲ್ಲೊಂದು ವೈದ್ಯಕೀಯ ಸೇವೆ ಆರಂಭವಾಯಿತು. ಇಡೀ ಬ್ರಿಟನ್ನಿಗೆ ರಾಷ್ಟ್ರೀಯ ಆರೋಗ್ಯ ಸೇವೆ ಬಂದುದು 1948ರಲ್ಲಿ. ಅದಕ್ಕಿಂತ 35 ವರ್ಷ ಮೊದಲೇ ಈ ಬಡ ದ್ವೀಪಗಳಲ್ಲಿ ಅದರ ಪೂರ್ವರೂಪ ಕಾಣಿಸಿಕೊಂಡಿತೆಂಬುದು ನೆನಪಿಡತಕ್ಕ ಸಂಗತಿ. 1933ರಲ್ಲಿ ಐಲಾ ದ್ವೀಪದ ಒಬ್ಬ ಬೆಸ್ತನನ್ನು ವಿಮಾನದಲ್ಲಿ ಗ್ಲಾಸ್ಗೋದ ಕಡೆಗೆ ಸಾಗಿಸಿ ಬದುಕಿಸಿದರು. ಅಂದಿನಿಂದ ರೋಗಿಗಳನ್ನು ವಿಮಾನದಲ್ಲಿ ಕರೆದೊಯ್ಯುವ ಪದ್ಧತಿ ಅಲ್ಲಿ ಬೇರೂರಿತು. ಇಂದು ಸ್ಟಾರ್ನೊವೇಯಲ್ಲಿ ಒಳ್ಳೆಯ ಆಸ್ಪತ್ರೆಯಿದೆ. ಅದರ ಕೈಮೀರಿದ ಕಾಯಿಲೆಯಾದರೆ ವಿಮಾನವೋ ಹೆಲಿಕಾಪ್ಟರೋ ಬರುತ್ತದೆ.

ಆದರೂ ದೂರವೆಂಬುದು ದೂರವೇ. ಸಣ್ಣ ದ್ವೀಪಗಳ ಗರ್ಭಿಣಿಯರು ದಿನ ತುಂಬುವ ಮೊದಲೇ ಮನೆಯನ್ನೂ ಹಿರಿಯ ಮಕ್ಕಳನ್ನೂ ಬಿಟ್ಟು ದೊಡ್ಡ ಆಸ್ಪತ್ರೆಯಿರುವ ಊರಿಗೆ ಹೋಗಿ ಕಾದಿರಬೇಕಾಗುತ್ತದೆ. ಮನೆಯಲ್ಲಿ ನಿತ್ಯ ತಜ್ಞರ ಕಣ್ಣು ಬೇಕಾದ ರೋಗಿ ಇದ್ದರೆ, ಅಂಥ ಸಂಸಾರ ನಗರವನ್ನು ಬಿಡಬಾರದು. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಹಡಗನ್ನು ಕಂಡೆವು, ಆಸ್ಪತ್ರೆಯನ್ನು ಕಂಡೆವು. ಈಗ ಮಕ್ಕಳ ವಿದ್ಯಾಭ್ಯಾಸಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕಾಗಿದೆ; ದ್ವೀಪದ ಬಾಳಿನ ಅತಿ ದೊಡ್ಡ ಸುಖವೂ ಅತಿ ದೊಡ್ಡ ನೋವೂ ಇಲ್ಲಿಯೇ ಅಡಗಿವೆ.

ಐಗ್ ಎಂಬುದೊಂದು ಪುಟ್ಟ ದ್ವೀಪ. ಅದರ ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರು. ಜನ 100ಕ್ಕೆ ತುಸು ಹೆಚ್ಚು. ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ತರಗತಿಗಳ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಬಹುದು. ಹತ್ತು ವರ್ಷದ ಹುಡುಗ ಐದು ವರ್ಷದವಳಿಗೆ ಓದು ಹೇಳಿಕೊಡುತ್ತಾನೆ. ಶಾಲೆ ಬಿಟ್ಟರೆ ಕಡಲ ದಂಡೆ, ಬಂಡೆಗಳು, ಕುರಿಮರಿಗಳು. ಮಗು ಎಲ್ಲಿದೆಯೆಂದು ತಾಯಿಗೆ ತಿಳಿಯದಿದ್ದರೂ ಊರಿಗೆ ತಿಳಿದಿರುತ್ತದೆ. ಅಜ್ಜ ಅಜ್ಜಿಯರನ್ನು ಸಾವಿರಾರು ಮೈಲಿಯಾಚೆ ಬಿಟ್ಟು ಬಂದ ಮಕ್ಕಳಿಗೆ ಇದಕ್ಕಿಂತ ಮಿಗಿಲಾದ ಬಾಲ್ಯವನ್ನು ನಾನು ಊಹಿಸಲಾರೆ.

ಆದರೆ ಆ ಮಗುವಿಗೆ ಹನ್ನೆರಡು ವರ್ಷ ತುಂಬುತ್ತದೆ. ಐಗ್ ದ್ವೀಪದಲ್ಲಿ ಪ್ರೌಢಶಾಲೆಯಿಲ್ಲ. ಸೋಮವಾರ ಹಡಗು ಹತ್ತಿ ಮ್ಯಾಲೆಗ್ ಎಂಬ ರೇವುಪಟ್ಟಣಕ್ಕೆ ಹೋಗಬೇಕು. ವಾರವೆಲ್ಲ ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿದ್ದು, ಹವೆ ಅನುಕೂಲವಾಗಿದ್ದರೆ ವಾರದ ಕೊನೆಗೆ ಮನೆ ಸೇರಬೇಕು. ಕಾಲ್, ಕಾಲನ್ಸೇ ದ್ವೀಪಗಳ ಮಕ್ಕಳು ಹೀಗೆಯೇ ಓಬನ್ ಪಟ್ಟಣದಲ್ಲಿ ಉಳಿಯುತ್ತಾರೆ. ಅಲ್ಲಿಯ ಮಕ್ಕಳು ಇದಕ್ಕೆ ಒಗ್ಗಿಕೊಂಡಿರುತ್ತಾರೆ. ಅವರ ತಂದೆತಾಯಿಗಳೂ ಹಾಗೆಯೇ ಬೆಳೆದವರು. ನಮ್ಮವರ ಸ್ಥಿತಿ ಬೇರೆ. ಬಂಧುಗಳನ್ನೆಲ್ಲ ಬಿಟ್ಟು ಬಂದ ಸಂಸಾರದಲ್ಲಿ ಉಳಿದಿರುವುದೇ ನಾಲ್ಕು ಜನ. ಆ ನಾಲ್ವರಲ್ಲಿ ಒಬ್ಬರು ಹನ್ನೆರಡನೆಯ ವಯಸ್ಸಿಗೇ ವಾರಕ್ಕೆ ಐದು ದಿನ ದೂರವಾದರೆ, ಆ ಮನೆಯಲ್ಲಿ ಕನ್ನಡ ಮಾತನಾಡುವವರು ಯಾರು, ಊಟಕ್ಕೆ ಕೂಡುವವರು ಯಾರು? ಚಿಕ್ಕ ಮಕ್ಕಳ ತಂದೆತಾಯಿಗಳು ದ್ವೀಪಕ್ಕೆ ಹೋಗುವಾಗ ಈ ಹನ್ನೆರಡನೆಯ ವರ್ಷವನ್ನು ಕಾಣುವುದಿಲ್ಲ. ಅದು ಬಲುಬೇಗ ಬರುತ್ತದೆ.

ಲೂಯಿಸ್‌ನಂಥ ದೊಡ್ಡ ದ್ವೀಪದಲ್ಲಿ ಈ ತೊಡಕಿಲ್ಲ. ಸ್ಟಾರ್ನೊವೇಯ ನಿಕಲ್ಸನ್ ಪ್ರೌಢಶಾಲೆ 1873ರಷ್ಟು ಹಳೆಯದು. ಮಕ್ಕಳು ಅಲ್ಲಿ ಹದಿನೇಳು ಹದಿನೆಂಟರವರೆಗೂ ಮನೆಯಲ್ಲಿದ್ದುಕೊಂಡೇ ಓದಬಹುದು. ಅನಂತರ ಅವರೂ ಹೊರಡುತ್ತಾರೆ. ದ್ವೀಪವು ಮಕ್ಕಳನ್ನು ಬೆಳೆಸಿ ಲೋಕಕ್ಕೆ ಕೊಡುತ್ತದೆ. ಇದು ಅದರ ಚರಿತ್ರೆಯಲ್ಲೇ ಬರೆದಿರುವ ಮಾತು.

ಈ ಚರಿತ್ರೆಯಲ್ಲಿ ಕನ್ನಡನಾಡಿಗೂ ಒಂದು ಪಾಲುಂಟೆಂಬುದನ್ನು ಇಲ್ಲಿ ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಮೈಸೂರು ಸೀಮೆಯನ್ನು ಅಳೆದು, ಭೂಪಟಗಳನ್ನು ಬರೆಸಿ, ಊರೂರಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದುದು ಇದೇ ಸ್ಟಾರ್ನೊವೇಯಲ್ಲಿ, ಸುಮಾರು 1754ರಲ್ಲಿ. ಅಲ್ಲಿಯ ಸುಂಕದ ಕಚೇರಿಯಲ್ಲಿ ಕೆಲಸ ಮಾಡಿಕೊಂಡಿದ್ದು, ಮೂವತ್ತರ ಆಸುಪಾಸಿನಲ್ಲಿ ಭಾರತಕ್ಕೆ ಬಂದವನು ಮತ್ತೆ ತನ್ನ ದ್ವೀಪವನ್ನು ಕಾಣಲಿಲ್ಲ. 1821ರಲ್ಲಿ ತೀರಿಕೊಂಡ ಅವನ ಸಮಾಧಿ ಕಲ್ಕತ್ತೆಯಲ್ಲಿದೆ. ಅದೇ ಕಾಲದಲ್ಲಿ ನಮ್ಮ ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದವನು. 1761ರಲ್ಲಿ ಅಲ್ಲಿ ವರ್ತಕನ ಮಗನಾಗಿ ಹುಟ್ಟಿದವನು. ಹೀಗೆ ನಾವು ಇಂದು ತೂಗಿ ನೋಡುತ್ತಿರುವ ಆ ನಗರ, ಆ ದ್ವೀಪ ಎರಡೂ ಇನ್ನೂರು ವರ್ಷಗಳ ಹಿಂದೆ ತಮ್ಮ ಮಕ್ಕಳನ್ನು ನಮ್ಮ ನಾಡಿಗೆ ಕಳಿಸಿದ್ದವು. ನಗರದಿಂದ ಒಬ್ಬನು ಹೊರಟರೆ ಇನ್ನೊಬ್ಬನು ಬಂದು ಆ ಜಾಗವನ್ನು ತುಂಬುತ್ತಾನೆ. ದ್ವೀಪದಿಂದ ಹೊರಟವನ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ಖಾಲಿಯಾದ ಜಾಗವೆಂದೆನಲ್ಲವೆ? ಮಕ್ಕಳ ಮಾತಿನಿಂದ ಈಗ ಜನದ ಮಾತಿಗೆ ಬರೋಣ. ಲೂಯಿಸ್‌ನಿಂದಲೂ ಪಶ್ಚಿಮಕ್ಕೆ, ಸಾಗರದ ನಡುವೆ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಸಾವಿರಾರು ವರ್ಷ ಜನ ಅಲ್ಲಿ ಬದುಕಿದ್ದರು. ಹರೆಯದವರು ಒಬ್ಬೊಬ್ಬರಾಗಿ ಹೊರಟುಹೋಗಿ, ದೋಣಿ ನಡೆಸಲೂ ಕಡಿದಾದ ಬಂಡೆಗಳ ಮೇಲಿನ ಹಕ್ಕಿಗಳನ್ನು ಹಿಡಿಯಲೂ ಕೈಗಳು ಸಾಲದಾದಾಗ, ಉಳಿದವರು ತಾವಾಗಿಯೇ ಸರ್ಕಾರಕ್ಕೆ ಅರ್ಜಿ ಬರೆದುಕೊಂಡರು. 1930ರ ಆಗಸ್ಟ್ 29ರಂದು ಕೊನೆಯ 36 ಮಂದಿ ಹಡಗು ಹತ್ತಿದರು. ಆ ದ್ವೀಪದಲ್ಲಿ ಮರವೆಂಬುದೇ ಇರಲಿಲ್ಲ. ಅವರಲ್ಲಿ ಹಲವರಿಗೆ ಸರ್ಕಾರ ಕೊಟ್ಟ ಉದ್ಯೋಗ ಅರಣ್ಯ ಇಲಾಖೆಯದು.

ದ್ವೀಪದಲ್ಲಿ ಒಂದು ಸಂಸಾರದ ಬೆಲೆ ಎಷ್ಟೆಂದು ಇದರಿಂದ ತಿಳಿಯುತ್ತದೆ. ಎರಡು ಮಕ್ಕಳಿರುವ ಒಂದು ಕುಟುಂಬ ಬಂದರೆ ಮುಚ್ಚಬೇಕಾಗಿದ್ದ ಶಾಲೆ ಉಳಿಯಬಹುದು, ಹೋದರೆ ಮುಚ್ಚಬಹುದು. ಅಲ್ಲಿ ಒಬ್ಬನೇ ವ್ಯಕ್ತಿ ಬೆಳಗ್ಗೆ ಅಂಚೆ ಹಂಚುತ್ತಾನೆ, ಹಡಗು ಬಂದಾಗ ಹಗ್ಗ ಹಿಡಿಯುತ್ತಾನೆ, ಬೆಂಕಿ ಬಿದ್ದರೆ ಅಗ್ನಿಶಾಮಕನಾಗುತ್ತಾನೆ. ಹೊಸದಾಗಿ ಬಂದವರಿಗೂ ಬೇಗನೆ ಇಂಥದೊಂದು ಕೆಲಸ ಒಪ್ಪಿಸುತ್ತಾರೆ. ಒಪ್ಪಿಸಿದಾಗ, ನಮಗೆ ಸಮಯವಿಲ್ಲವೆಂದು ಹೇಳುವವರು ಅಲ್ಲಿಗೆ ಹೋಗದಿರುವುದೇ ಮೇಲು.

ಐಗ್‌ನ ಕಥೆಯನ್ನು ಇನ್ನೂ ಸ್ವಲ್ಪ ಹೇಳಬೇಕು. ಬಹುಕಾಲ ಆ ದ್ವೀಪವೆಲ್ಲ ಯಾರೋ ಒಬ್ಬ ಒಡೆಯನ ಸ್ವತ್ತಾಗಿತ್ತು. ಜನ ಅವನ ಒಕ್ಕಲುಗಳು. 1997ರಲ್ಲಿ ಸುಮಾರು 65 ಮಂದಿ ನಿವಾಸಿಗಳು, ಲೋಕದ ನಾನಾ ಕಡೆಗಳಿಂದ ಬಂದ ದಾನದ ಬಲದಿಂದ, ಸುಮಾರು 15 ಲಕ್ಷ ಪೌಂಡು ಕೊಟ್ಟು ಆ ನೆಲವನ್ನು ಸಮುದಾಯದ ಹೆಸರಿಗೆ ಕೊಂಡುಕೊಂಡರು. 2008ರಲ್ಲಿ ತಮ್ಮದೇ ವಿದ್ಯುತ್ತನ್ನು ಹೊಂದಿಸಿಕೊಂಡರು. ಗಾಳಿ, ಬಿಸಿಲು, ಹಳ್ಳದ ನೀರು ಈ ಮೂರರಿಂದ ಅದು ಹುಟ್ಟುತ್ತದೆ. ಆದರೆ ಒಂದು ನಿಯಮವುಂಟು: ಒಂದು ಮನೆ ಒಂದು ಸಲಕ್ಕೆ 5 ಕಿಲೋವಾಟಿಗಿಂತ ಹೆಚ್ಚು ಬಳಸುವಂತಿಲ್ಲ. ನೀರು ಕಾಯಿಸುವ ಪಾತ್ರೆ, ಬಟ್ಟೆ ಒಗೆಯುವ ಯಂತ್ರ ಎರಡೂ ನಡೆಯುತ್ತಿರುವಾಗ ನಮ್ಮ ಗೃಹಿಣಿ ದೋಸೆಯ ಹಿಟ್ಟು ರುಬ್ಬಲು ಯಂತ್ರದ ಗುಂಡಿ ಒತ್ತುವ ಮೊದಲು ಯೋಚಿಸಬೇಕು. ಮಿತಿ ದಾಟಿದರೆ ದೀಪ ಆರುತ್ತದೆ. ನೆರೆಯವರೇ ಬಂದು ಹೊತ್ತಿಸಬೇಕು. ತನ್ನ ಪಾಲಿಗಿಂತ ಹೆಚ್ಚು ಎಳೆದುಕೊಂಡರೆ ಯಾರಿಗೆ ಕಡಿಮೆಯಾಗುತ್ತದೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ನೆಲ ತಮ್ಮದಾದ ಮೇಲೆ ಅಲ್ಲಿಯ ಜನಸಂಖ್ಯೆ ಇಳಿಯುವುದು ನಿಂತು ಏರತೊಡಗಿತು.

ಜನರನ್ನು ಹಣ ಕೊಟ್ಟು ಕರೆತರಬಹುದೆಂದು ಸ್ಕಾಟ್ಲೆಂಡ್ ಸರ್ಕಾರ ಒಮ್ಮೆ ಭಾವಿಸಿತ್ತು. ದ್ವೀಪದಲ್ಲಿ ನೆಲಸುವ ಸಂಸಾರಗಳಿಗೆ 50 ಸಾವಿರ ಪೌಂಡಿನವರೆಗೆ ಕೊಡುವುದೆಂದು 2021ರಲ್ಲಿ ಪ್ರಕಟಿಸಿ, ದ್ವೀಪವಾಸಿಗಳ ಅಭಿಪ್ರಾಯ ಕೇಳಿತು. ಅವರು ಒಪ್ಪಲಿಲ್ಲ. ಬಾಡಿಗೆಗೆ ಮನೆ ಬೇಕು, ನಂಬತಕ್ಕ ಹಡಗು ಬೇಕು, ಕೆಲಸ ಬೇಕು. ಇವಿದ್ದರೆ ಜನ ತಾವಾಗಿ ಬರುತ್ತಾರೆಂದರು. 2022ರಲ್ಲಿ ಆ ಯೋಜನೆಯನ್ನು ಕೈಬಿಟ್ಟರು. ನನ್ನ ಮಟ್ಟಿಗೆ ದ್ವೀಪವಾಸಿಗಳ ವಿವೇಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮನೆಗಳ ಅಭಾವ ಅಲ್ಲಿ ಬಹಳ ದೊಡ್ಡದು. ಎಷ್ಟೋ ಮನೆಗಳು ಬೇಸಗೆಯ ಪ್ರವಾಸಿಗಳಿಗಾಗಿ ಮೀಸಲು. ಚಳಿಗಾಲದಲ್ಲಿ ಬಾಡಿಗೆಗೆ ಕೊಟ್ಟವರು, ಪ್ರವಾಸಿಗಳು ಬರುವ ವೇಳೆಗೆ ಖಾಲಿ ಮಾಡಿರೆನ್ನುವುದೂ ಉಂಟು.

ಇಷ್ಟಾದ ಮೇಲೆ ಒಂದು ಸೂಕ್ಷ್ಮವಾದ ಸಂಗತಿ ಉಳಿಯುತ್ತದೆ. ದ್ವೀಪಕ್ಕೆ ನಮ್ಮ ಅಗತ್ಯವಿದೆಯೆಂದು ಒಪ್ಪೋಣ. ಬಣ್ಣ ಬೇರೆ, ಭಾಷೆ ಬೇರೆ, ದೇವರು ಬೇರೆಯಾದ ನಮ್ಮನ್ನು ಆ ಸಣ್ಣ ಸಮಾಜ ತನ್ನವರೆಂದು ಒಪ್ಪೀತೆ?

ಲೂಯಿಸ್ ದ್ವೀಪದಲ್ಲಿ ಇದಕ್ಕೆ ಉತ್ತರವಾಗಿ ಕೆಲವು ಕುಟುಂಬಗಳಿವೆ. ಕಳೆದ ಶತಮಾನದ ಮಧ್ಯಭಾಗದ ವೇಳೆಗೆ ಪಂಜಾಬಿನ ಕಡೆಯ ಕೆಲವರು ಮುಸಲ್ಮಾನ ವ್ಯಾಪಾರಿಗಳು ಪೆಟ್ಟಿಗೆಯಲ್ಲಿ ಬಟ್ಟೆ ತುಂಬಿಕೊಂಡು, ಹಳ್ಳಿಯಿಂದ ಹಳ್ಳಿಗೆ ಸುತ್ತಿ ಮಾರುತ್ತ ಅಲ್ಲಿ ನೆಲೆ ಕಂಡರು. ಕೊಳ್ಳುವವರ ಮಾತು ಗೇಲಿಕ್ ಆದುದರಿಂದ ಗೇಲಿಕ್ ಕಲಿತರು. ಮುಂದೆ ಸ್ಟಾರ್ನೊವೇಯಲ್ಲಿ ಅಂಗಡಿ ತೆರೆದರು. ಅವರ ಮಕ್ಕಳೂ ಮೊಮ್ಮಕ್ಕಳೂ ದ್ವೀಪದವರೇ ಆದರು. ಆದರೂ ಅವರಿಗೊಂದು ಮಸೀದಿ ಬಂದುದು 2018ರಲ್ಲಿ. ಒಪ್ಪಿಗೆಯೆಂಬುದು ಅಲ್ಲಿ ದೊರೆಯುತ್ತದೆ, ಆದರೆ ಅದಕ್ಕೆ ತಲೆಮಾರುಗಳು ಬೇಕಾಗಬಹುದು. ಆತುರದವರು ಇದನ್ನು ಬಲ್ಲವರಾಗಿರಬೇಕು.

ಒಪ್ಪಿಗೆ ಎರಡು ಕಡೆಯದು. ಲೂಯಿಸ್ ಕಟ್ಟುನಿಟ್ಟಿನ ಕ್ರೈಸ್ತ ಶ್ರದ್ಧೆಯ ನಾಡು. ಭಾನುವಾರ ಅಲ್ಲಿ ವಿಶ್ರಾಂತಿಯ ದಿನ. 2009ರವರೆಗೆ ಸ್ಟಾರ್ನೊವೇಯಿಂದ ಅಲ್ಲಪೂಲಿಗೆ ಭಾನುವಾರ ಹಡಗೇ ಹೊರಡುತ್ತಿರಲಿಲ್ಲ. ಇಂದಿಗೂ ಹಳ್ಳಿಗಳಲ್ಲಿ ಭಾನುವಾರ ಒಗೆದ ಬಟ್ಟೆಯನ್ನು ಹೊರಗೆ ಹರವುವವರು ಅಪರೂಪ. ಯಾರೂ ನಮ್ಮನ್ನು ತಡೆಯುವುದಿಲ್ಲ. ಆದರೆ ನೆರೆಯವರು ಪವಿತ್ರವೆಂದು ಭಾವಿಸಿದ ದಿನದಲ್ಲಿ ನಮ್ಮ ಹಗ್ಗವೂ ಖಾಲಿ ಇದ್ದರೆ ಅದು ಅವರ ಕಣ್ಣಿಗೆ ಬೀಳುತ್ತದೆ, ಮನಸ್ಸಿನಲ್ಲಿ ಉಳಿಯುತ್ತದೆ. ಏಕಾದಶಿಯ ದಿನ ಅಡಿಗೆಮನೆಯನ್ನು ತಣ್ಣಗಿಟ್ಟ ಮನೆಗಳಲ್ಲಿ ಬೆಳೆದವರಿಗೆ ಇದು ಕಷ್ಟವಾಗಲಾರದು.

ಇನ್ನು ಭಾಷೆ. ಗ್ಲಾಸ್ಗೋದಲ್ಲಿ ಕನ್ನಡದ ನಾಲ್ಕು ಮನೆಗಳಿದ್ದರೂ ಮಕ್ಕಳು ತಮ್ಮ ತಮ್ಮೊಳಗೆ ಆಡುವುದು ಇಂಗ್ಲಿಷಿನಲ್ಲೇ. ದ್ವೀಪದಲ್ಲಿ ಆ ನಾಲ್ಕು ಮನೆಗಳೂ ಇಲ್ಲ. ಹಾಗಾದರೆ ಅಲ್ಲಿ ಕನ್ನಡ ಬೇಗ ಬಾಡುವುದೆಂದು ನಾನೂ ಅಂದುಕೊಳ್ಳಬಹುದಾಗಿತ್ತು. ಆದರೆ ಆ ಪಶ್ಚಿಮ ದ್ವೀಪಗಳಲ್ಲಿ ಗೇಲಿಕ್ ಬಲ್ಲವರು ಇಂದಿಗೂ ಜನರಲ್ಲಿ ಅರ್ಧದಷ್ಟು ಇದ್ದಾರೆ. ಊರ ಹೆಸರಿನ ಫಲಕದಲ್ಲಿ ಗೇಲಿಕ್ ಮೊದಲು. 2020ರಿಂದ ಅಲ್ಲಿಯ ಆಡಳಿತ, ಒಂದನೆಯ ತರಗತಿಗೆ ಸೇರುವ ಮಗುವಿಗೆ ಗೇಲಿಕ್ ಮಾಧ್ಯಮವನ್ನೇ ಸಹಜ ಕ್ರಮವಾಗಿ ಮಾಡಿತು; ಇಂಗ್ಲಿಷ್ ಬೇಕಾದವರು ಅದನ್ನು ಕೇಳಿ ಪಡೆಯಬೇಕು. ಹಿರಿಯರ ನುಡಿಯನ್ನು ಉಳಿಸಿಕೊಳ್ಳಲು ಒಂದು ಊರಿಗೆ ಊರೇ ಹೆಣಗುವುದನ್ನು ದಿನವೂ ಕಾಣುವ ಮಗು, ಮನೆಯಲ್ಲಿ ತಾಯಿ ಕನ್ನಡದಲ್ಲೇ ಮಾತನಾಡೆಂದರೆ ಏಕೆಂದು ಕೇಳುವುದಿಲ್ಲ. ನಗರದ ಮಗು ಕೇಳುತ್ತದೆ.

ನಗರದ ರಕ್ಷಣೆ, ಕಡಲಿನ ಅನಿಶ್ಚಯ, ವೈದ್ಯ, ಶಾಲೆ, ಜನ, ನುಡಿ ಇಷ್ಟನ್ನೂ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ದ್ವೀಪಕ್ಕೆ ಬೇಕಾದ ಉದ್ಯೋಗ ಕೈಯಲ್ಲಿರುವವರು, ಅಂದರೆ ವೈದ್ಯರು, ದಾದಿಯರು, ಶಿಕ್ಷಕರು, ಯಂತ್ರ ಬಲ್ಲವರು, ಮನೆಯಲ್ಲಿ ಎಳೆಯ ಮಕ್ಕಳಿದ್ದು, ಪ್ರೌಢಶಾಲೆಯೂ ಆಸ್ಪತ್ರೆಯೂ ಇರುವ ದೊಡ್ಡ ದ್ವೀಪವನ್ನು ಆರಿಸಿಕೊಳ್ಳುವುದಾದರೆ, ನಗರವನ್ನು ಬಿಟ್ಟು ಹೋಗಬೇಕು. ಹೋದರೆ ಅವರಿಗೆ ಮತ್ತೆ ಒಂದು ಊರು ದೊರೆಯುತ್ತದೆ. ಮೌನವನ್ನೂ ಸೊಬಗನ್ನೂ ಮಾತ್ರ ಅರಸುವವರು ಬೇಸಗೆಯಲ್ಲಿ ಹದಿನೈದು ದಿನ ಹೋಗಿ ಬಂದರೆ ಸಾಕು. ಇರುವ ಕೆಲವೇ ಮನೆಗಳಲ್ಲಿ ಒಂದನ್ನು ಅವರು ಹಿಡಿಯಬಾರದು.

ನಾನು ಹೇಳಿದ ಆ ಕುಟುಂಬ ಮೊದಲು ಒಂದು ಪುಟ್ಟ ದ್ವೀಪದ ಮೇಲೆ ಆಸೆಪಟ್ಟಿತ್ತು. ಮಗಳ ವಯಸ್ಸನ್ನು ಲೆಕ್ಕ ಹಾಕಿ ಸ್ಟಾರ್ನೊವೇಯನ್ನೇ ಒಪ್ಪಿತು. ತಾಯಿಗೆ ಈಗ ರಾತ್ರಿಯ ಸರದಿ ಹೆಚ್ಚು. ತಂದೆ ಅಗ್ನಿಶಾಮಕ ತಂಡಕ್ಕೆ ಸೇರಿ ತರಬೇತಿ ಪಡೆಯುತ್ತಿದ್ದಾರೆ. ಮಗಳು ಮಾತ್ರ ಗ್ಲಾಸ್ಗೋದ ಗೆಳತಿಯರನ್ನು ಬಿಟ್ಟು ಬಂದುದಕ್ಕೆ ಇನ್ನೂ ಸಮಾಧಾನಗೊಂಡಿಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ.

ಆದುದರಿಂದ, ಇಂಥ ವಿಚಾರ ಮನಸ್ಸಿನಲ್ಲಿರುವ ನಿಮ್ಮ ಮಕ್ಕಳಿಗೆ ದೂರವಾಣಿಯಲ್ಲಿ ಇಷ್ಟು ಹೇಳಿ. ದ್ವೀಪವನ್ನು ನೋಡಲು ಜೂನ್ ತಿಂಗಳಲ್ಲಿ ಹೋಗಬೇಡಿ, ಜನವರಿಯಲ್ಲಿ ಹೋಗಿ. ಹಗಲು ಆರೇಳು ಗಂಟೆಗಳಲ್ಲೇ ಮುಗಿದುಹೋಗುವ ಆ ದಿನಗಳಲ್ಲಿ ಒಂದೆರಡು ವಾರ ಇರಿ. ಹಡಗುಕಟ್ಟೆಯಲ್ಲಿ ಈ ತಿಂಗಳು ಎಷ್ಟು ಪ್ರಯಾಣ ರದ್ದಾದವೆಂದು ಕೇಳಿ. ಶಾಲೆಯಲ್ಲಿ ಮುಂದಿನ ವರ್ಷ ಮಕ್ಕಳೆಷ್ಟು ಎಂದು ಕೇಳಿ. ಮನೆಯೊಡೆಯರನ್ನು ಬೇಸಗೆಯಲ್ಲಿಯೂ ಮನೆ ನಮಗೇ ಇರುವುದೇ ಎಂದು ಕೇಳಿ. ಮನೆಯಲ್ಲಿ ಎಂಟು ಹತ್ತು ವರ್ಷದ ಮಗುವಿದ್ದರೆ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ, ಹಿಂದಿರುಗುವ ಹಡಗಿನಲ್ಲಿ ಮೊದಲು ಅದರ ಅಭಿಪ್ರಾಯವನ್ನು ಕೇಳಿ, ನಿಮ್ಮದನ್ನು ಅನಂತರ ಹೇಳಿ.